ಮೂತಿ ಎತ್ತಿದ ಕರಡಿ

ಚಳಿಗಾಲದ ರಜೆಗೆ ಪೋಲೆಂಡಿನ ಬೆಟ್ಟದೂರು ಝಾಕೊಪಾನೆಗೆ ಬಂದು, ಹಿಮದ ಮೇಲೆ ಜಾರಿ, ಬಿದ್ದು, ಸೊಂಟ ನೋಯಿಸಿಕೊಂಡು ಹೋದವರ ಮನೆಯಲ್ಲೆಲ್ಲ ಒಂದು ಫೋಟೊ ಇದ್ದೇ ಇರುತ್ತದೆ. ನಡುವೆ ಒಂದು ಬಿಳಿ ಕರಡಿ, ಅದರ ಎರಡು ತೋಳುಗಳ ಕೆಳಗೆ ಮೂಗು ಕೆಂಪಾದ ಒಂದು ಸಂಸಾರ. ನಮ್ಮ ಬೆಟ್ಟಗಳಲ್ಲಿ ಬಿಳಿ ಕರಡಿ ಯಾವ ಕಾಲಕ್ಕೂ ಇದ್ದದ್ದಲ್ಲ. ಆದರೆ ಕರಡಿಯ ಜೊತೆ ಫೋಟೊ ಇಲ್ಲದೆ ಮನೆಗೆ ಮರಳಿದರೆ ಇಲ್ಲಿಗೆ ಬಂದಿದ್ದೆವು ಅಂದರೂ ಅಕ್ಕಪಕ್ಕದವರು ನಂಬುವುದಿಲ್ಲ. ಆ ಕರಡಿಯೊಳಗೆ ಮೂವತ್ತು ಚಳಿಗಾಲ ಇದ್ದವನು ಲುದ್ವಿಕ್. ಫೋಟೊ ತೆಗೆಯುತ್ತಿದ್ದವಳು ಅವನ ಹೆಂಡತಿ ಬ್ರೋನ್ಕಾ.

ಇದು ಫೋನಿನಲ್ಲಿ ಫೋಟೊ ಬರುವುದಕ್ಕೆ ಮುಂಚಿನ ಮಾತು. ಗುಬಾವುಫ್ಕಾ ಗುಡ್ಡದ ಬುಡದಲ್ಲಿ, ಸ್ಕೀ ಕಟ್ಟಿಕೊಂಡವರು ಜಾರಿ ಬಂದು ನಿಲ್ಲುವ ಕಡೆ, ಗಂಡಹೆಂಡಿರ ಠಾವು. ಲುದ್ವಿಕ್ ಕರಡಿಕಾಲಿಗೆ ಹಳೆಯ ಮರದ ಸ್ಕೀ ಕಟ್ಟಿಕೊಂಡು ಜನರ ನಡುವೆ ಸುಯ್ಯನೆ ನುಗ್ಗುತ್ತಿದ್ದ. ಹೆದರಿದ ಹುಡುಗಿಯರು ತಪ್ಪಿಸಿಕೊಳ್ಳಲು ಹೋಗಿ ಅವನ ತೋಳಿಗೇ ಬೀಳುತ್ತಿದ್ದರು. ಬ್ರೋನ್ಕಾ ಎಲ್ಲರನ್ನೂ ಒತ್ತೊತ್ತಾಗಿ ನಿಲ್ಲಿಸಿ, ಕೊನೆಗೆ ಗಂಡನಿಗೆ ಬೈಯುತ್ತಿದ್ದಳು. ಕರಡಿಯ ತಲೆ ನೆಟ್ಟಗಿದ್ದರೆ ಅದರ ಗಾಜಿನ ಕಣ್ಣುಗಳು ಕ್ಯಾಮೆರಾವನ್ನು ನೋಡುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಲುದ್ವಿಕ್ ಮಾತ್ರ ಅವಳು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಮೂತಿ ಮೇಲೆತ್ತಿಬಿಡುತ್ತಿದ್ದ.

"ಮೂತಿ ಇಳ್ಸು ಮಾರಾಯ, ಆಕಾಶ್ದಲ್ಲೇನ್ ಮೀನ್ ಹಾರ್ತಿದ್ಯಾ?" ಅನ್ನುತ್ತಿದ್ದಳು ಬ್ರೋನ್ಕಾ. ರಜೆಗೆ ಬಂದವರು ನಗುತ್ತಿದ್ದರು. ಇದೂ ಆಟದ ಒಂದು ಭಾಗ ಅಂದುಕೊಂಡಿದ್ದರು. ಅವನು ಇಳಿಸುತ್ತಿದ್ದ, ಮುಂದಿನ ಫೋಟೊಕ್ಕೆ ಮತ್ತೆ ಎತ್ತುತ್ತಿದ್ದ. ನಾಯಿ ಬಾಲ ಎಂದಾದರೂ ನೆಟ್ಟಗಾದೀತೇ ಎಂದು ಅವಳು ಆ ಜನರಿಗೆಲ್ಲ ದೂರು ಹೇಳುತ್ತಿದ್ದಳು.

ನವೆಂಬರಿನಲ್ಲಿ ಲುದ್ವಿಕ್ ತೀರಿಕೊಂಡ. ಸೌದೆ ಒಡೆಯುತ್ತಿದ್ದವನು ಕೊಡಲಿಯನ್ನು ಗೋಡೆಗೆ ಒರಗಿಸಿ, ಸ್ವಲ್ಪ ಕೂರುತ್ತೇನೆ ಅಂದು ಕೂತ. ಎದ್ದಿದ್ದು ನಾಲ್ವರ ಹೆಗಲ ಮೇಲೆ. ಬ್ರೋನ್ಕಾ ಅಳಲಿಲ್ಲ. ಮಣ್ಣಿಗೆ ಬಂದವರಿಗೆಲ್ಲ ಹುಳಿ ಎಲೆಕೋಸಿನ ಸಾರು ಬಡಿಸಿದಳು, ಇನ್ನಷ್ಟು ಹಾಕಿಕೊಳ್ಳಿ ಎಂದು ಉಪಚಾರ ಮಾಡಿದಳು, ಪಾತ್ರೆ ತೊಳೆದಳು. ಎಂಥ ಕಲ್ಲೆದೆ ಇವಳದು ಎಂದು ಹೆಂಗಸರು ಇಗರ್ಜಿಯ ಮೆಟ್ಟಿಲ ಮೇಲೆ ಮಾತಾಡಿಕೊಂಡರು. ನಮ್ಮೂರಿನಲ್ಲಿ ವಿಧವೆ ಜೋರಾಗಿ ಅತ್ತರೂ ತಪ್ಪು, ಅಳದಿದ್ದರೂ ತಪ್ಪು. ಅವರ ಮಾತು ಕಿವಿಗೆ ಬಿದ್ದರೂ ಬ್ರೋನ್ಕಾಳಿಗೆ ಸಿಟ್ಟೂ ಬರಲಿಲ್ಲ. ಹಿಮದಲ್ಲಿ ಬದುಕಿದವರಿಗೆ ಗೊತ್ತಿರುತ್ತದೆ, ಬೆರಳು ಮರಗಟ್ಟಿರುವಾಗ ನೋವೇ ಇರುವುದಿಲ್ಲ. ನೋವು ಶುರುವಾಗುವುದು ಒಲೆಯ ಮುಂದೆ ಕೂತ ಮೇಲೆ.

ಡಿಸೆಂಬರು ಬಂತು, ಹಿಮ ಬಿತ್ತು, ಜನ ಬಂದರು. ಲುದ್ವಿಕ್‌ನ ತಮ್ಮ ಝೆನೆಕ್ ಕರಡಿಯ ಚರ್ಮ ತೊಟ್ಟುಕೊಂಡ. ಅವನಿಗೂ ಬೇಸಿಗೆಯವರೆಗೆ ಬೇರೆ ಕೆಲಸವಿರಲಿಲ್ಲ. ಅತ್ತಿಗೆ ಎಲ್ಲಿ ನಿಲ್ಲು ಅಂದರೆ ಅಲ್ಲಿ ನಿಲ್ಲುತ್ತಿದ್ದ, ತಲೆ ನೆಟ್ಟಗೆ ಇಟ್ಟುಕೊಳ್ಳುತ್ತಿದ್ದ. ಒಂದು ಫೋಟೊವೂ ಕೆಡುತ್ತಿರಲಿಲ್ಲ. ಮೂವತ್ತು ವರ್ಷ ಬೇಡಿದ್ದು ಬ್ರೋನ್ಕಾಳಿಗೆ ಈಗ ಸಿಕ್ಕಿತ್ತು. ಅವಳು ಬೆಳಗ್ಗೆ ಹೋಗಿ ಕ್ಯಾಮೆರಾದ ಗುಂಡಿ ಒತ್ತುತ್ತಿದ್ದಳು, ಸಂಜೆ ಮನೆಯ ಕತ್ತಲೆಕೋಣೆಯಲ್ಲಿ ಫೋಟೊ ತೊಳೆದು ಹಗ್ಗಕ್ಕೆ ನೇತುಹಾಕುತ್ತಿದ್ದಳು, ಮಲಗುತ್ತಿದ್ದಳು. ಹಸಿವೆಯಾದರೆ ಉಣ್ಣುತ್ತಿದ್ದಳು, ಏನು ಉಂಡೆ ಎಂದು ಕೇಳಿದರೆ ಹೇಳಲಾರಳು.

ಫೆಬ್ರವರಿಯಲ್ಲಿ ಕಲ್ಲುಕುಟಿಗ ವೋಯ್ತೆಕ್ ಹೇಳಿ ಕಳಿಸಿದ. ನೆಲ ಮೆತ್ತಗಾದ ಕೂಡಲೇ ಸಮಾಧಿಯ ಕಲ್ಲು ನಿಲ್ಲಿಸಬೇಕು, ಹೆಸರು ಕೆತ್ತಿ ಆಗಿದೆ, ಅದರ ಮೇಲೆ ಅಂಟಿಸುವ ಪಿಂಗಾಣಿ ಬಿಲ್ಲೆಗೆ ಲುದ್ವಿಕಣ್ಣನ ಒಂದು ಫೋಟೊ ಬೇಕು. ನಮ್ಮ ಸ್ಮಶಾನದಲ್ಲಿ ಸತ್ತವರೆಲ್ಲ ಕೋಳಿಮೊಟ್ಟೆ ಆಕಾರದ ಬಿಲ್ಲೆಯೊಳಗಿಂದ ಬಂದುಹೋಗುವವರನ್ನು ನೋಡುತ್ತಿರುತ್ತಾರೆ. ಮುಖವಿಲ್ಲದ ಕಲ್ಲು ಎಂದರೆ ದಿಕ್ಕಿಲ್ಲದೆ ಸತ್ತವರ ಕಲ್ಲು. ಫೋಟೊಕ್ಕೇನು ಬರ, ನಾಳೆಯೇ ಕಳಿಸುತ್ತೇನೆ ಅಂದಳು ಬ್ರೋನ್ಕಾ.

ಹುಡುಕಲು ಕೂತಾಗ ಗೊತ್ತಾಯಿತು. ದೀಪದ ಬುಡದಲ್ಲೇ ಕತ್ತಲೆ. ಅರ್ಧ ಪೋಲೆಂಡಿನ ಗೋಡೆಗಳ ಮೇಲೆ ಗಂಡನನ್ನು ನೇತುಹಾಕಿಸಿದವಳ ಮನೆಯಲ್ಲಿ ಅವನ ಮುಖದ ಒಂದು ಫೋಟೊ ಇರಲಿಲ್ಲ. ಜನರೆದುರು ಕರಡಿ ತಲೆ ಕಳಚುವಂತಿಲ್ಲ, ಮಕ್ಕಳು ಹೌಹಾರುತ್ತವೆ ಎಂಬುದು ಈ ಕಸುಬಿನ ಮೊದಲ ನೇಮ. ಮನೆಗೆ ಬಂದ ಮೇಲೆ ಕ್ಯಾಮೆರಾ ಮುಟ್ಟಲು ಅವಳಿಗೆ ಬೇಸರ. ಝೆನೆಕನ ಮದುವೆಯ ಫೋಟೊಗಳಲ್ಲಿ ಲುದ್ವಿಕ್ ಕುಣಿಯುತ್ತಿದ್ದಾನೆ, ಕಾಣುವುದು ಬೆನ್ನು ಮತ್ತು ಟೋಪಿ. ಸರ್ಕಾರ ಕೊಟ್ಟ ಗುರುತುಪುಸ್ತಕದಲ್ಲಿ ಒಂದಿತ್ತು. ಸಾವು ಬರೆಸಲು ಹೋದಾಗ ಕಚೇರಿಯವರು ಕೇಳಿದರು, ಎಲ್ಲರಂತೆ ಅವಳೂ ಕೊಟ್ಟಳು. ಕೊಡುವ ಮುಂಚೆ ಒಮ್ಮೆ ತೆರೆದು ನೋಡಬೇಕೆಂದೂ ಹೊಳೆಯಲಿಲ್ಲ. ಆಮೇಲೆ ಹೋಗಿ ಕೇಳಿದಾಗ, ಅಂಥವನ್ನು ನಾಶ ಮಾಡುವುದು ಕ್ರಮ ಎಂದರು.

ಉಳಿದದ್ದು ಅವರದೇ ಮದುವೆಯ ಫೋಟೊ. ಟೋಪಿಗೆ ಗರಿ ಸಿಕ್ಕಿಸಿಕೊಂಡ, ಮೀಸೆ ಸರಿಯಾಗಿ ಮೂಡದ ಹುಡುಗ. ಇದನ್ನೇ ಕೊಟ್ಟುಬಿಡಿ ಅತ್ತಿಗೆ, ಚೆನ್ನಾಗಿಯೇ ಇದೆಯಲ್ಲ ಅಂದ ಝೆನೆಕ್. ಬ್ರೋನ್ಕಾ ಬಹಳ ಹೊತ್ತು ನೋಡಿ, "ಸತ್ತಿದ್ದು ಇವ್ನಲ್ಲ ಕಣೋ" ಅಂದಳು. ಸತ್ತವನ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದಳು. ಕಣ್ಣು ಮುಚ್ಚಿದರೆ ಕರಡಿಯ ತಲೆಯೇ ಎದುರಿಗೆ ಬಂತು. ಆಗ ಅವಳಿಗೆ ಭಯವಾಯಿತು. ನವೆಂಬರಿನಿಂದೀಚೆಗೆ ಅವಳಿಗೆ ಆದದ್ದು ಅದೊಂದೇ. ಆ ಭಯವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ವೋಯ್ತೆಕ್ ಇನ್ನೆರಡು ಸಲ ಹೇಳಿ ಕಳಿಸಿದ, ಅವಳು ಎರಡು ಸಲವೂ ನಾಳೆ ಅಂದಳು.

ಒಂದು ದಿನ ದಕ್ಷಿಣದ ಗಾಳಿ ಎದ್ದಿತು. ಆ ಗಾಳಿ ಬೀಸಿದರೆ ಗುಡ್ಡದಲ್ಲಿ ಯಾರೂ ಸ್ಕೀ ಕಟ್ಟುವುದಿಲ್ಲ, ಊರಿಗೆ ಊರೇ ತಲೆನೋವು ಅನ್ನುತ್ತ ಮನೆಯಲ್ಲಿ ಕೂರುತ್ತದೆ. ಝೆನೆಕ್ ಬೆಳಗ್ಗೆಯೇ ಕರಡಿತಲೆಯನ್ನು ತಂದು ಅತ್ತಿಗೆಯ ಮೇಜಿನ ಮೇಲೆ ಇಟ್ಟ. ಬಾಯಿಯ ಜಾಗದಲ್ಲಿ ಹೊಲಿದ ಬಲೆ ಹರಿದಿತ್ತು.

"ಅಣ್ಣ ಇದ್ರೊಳಗೆ ಅಷ್ಟು ವರ್ಷ ಹೆಂಗಿದ್ನೋ ಏನೋ ಅತ್ತಿಗೆ," ಅಂದ. "ಇಡೀ ದಿನ ಬರೀ ಜನರ ಬೂಟ್ ನೋಡ್ಕೊಂಡ್ ನಿಂತಿರ್ಬೇಕು."

"ಕಣ್ಣಿಲ್ವೇನೋ ಅದಕ್ಕೆ?"

"ಅದು ಗಾಜು. ನಮಗೆ ಕಾಣೋದು ಬಾಯಲ್ಲಿ."

ಅವನು ಹೋದ ಮೇಲೆ ಬ್ರೋನ್ಕಾ ಬಲೆ ಹೊಲಿದಳು. ಮೂವತ್ತು ವರ್ಷ ಅವಳೇ ಅದನ್ನು ಪ್ರತಿ ಸಂಜೆ ಒಲೆಯ ಪಕ್ಕ ಒಣಗಿಸಿದ್ದಳು, ಬಾಚಿದ್ದಳು, ತೇಪೆ ಹಾಕಿದ್ದಳು. ತಲೆಗೆ ಹಾಕಿಕೊಂಡಿರಲಿಲ್ಲ. ಹಾಕಿಕೊಳ್ಳಲು ಹೋದರೆ, ಇದು ನನ್ನ ಕಚೇರಿ, ಒಳಗೆ ಬರುವಂತಿಲ್ಲ ಎಂದು ಲುದ್ವಿಕ್ ಕಸಿದುಕೊಳ್ಳುತ್ತಿದ್ದ. ಹೊಲಿಗೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಈಗ ಹಾಕಿಕೊಂಡಳು. ಒಳಗೆ ತಂಬಾಕಿನ ವಾಸನೆ ಇನ್ನೂ ಇತ್ತು. ಝೆನೆಕ್ ತಂಬಾಕು ಮುಟ್ಟುವವನಲ್ಲ.

ಕನ್ನಡಿಯ ಮುಂದೆ ನಿಂತಳು. ಕಂಡದ್ದು ತನ್ನ ಚಪ್ಪಲಿ, ನೆಲದ ಹಲಗೆ, ಅಷ್ಟೇ. ಬಾಯಿ ಕೆಳಮುಖವಾಗಿದ್ದರೆ ಇನ್ನೇನು ಕಾಣುತ್ತದೆ! ಕನ್ನಡಿ ಕಾಣಬೇಕಾದರೆ ಕತ್ತನ್ನು ಹಿಂದಕ್ಕೆ ಚೆಲ್ಲಬೇಕಾಯಿತು. ಚೆಲ್ಲಿದಳು. ಎದುರಿಗೆ, ಮೂತಿ ಮೇಲೆತ್ತಿ, ಲುದ್ವಿಕ್ ನಿಂತಿದ್ದ.

ಅವಳು ತಲೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಫೋಟೊ ತೆಗೆಸಿಕೊಂಡು, ಆಮೇಲೆ ಒಯ್ಯಲು ಬಾರದೇ ಹೋದವರ ಪ್ರತಿಗಳನ್ನು ಅದರಲ್ಲಿ ತುಂಬಿಸಿಟ್ಟಿದ್ದಳು. ಎಲ್ಲವನ್ನೂ ಹಾಸಿಗೆಯ ಮೇಲೆ ಹರವಿದಳು. ವಾರ್ಸಾದವರು, ಲೋಝ್‌ನವರು, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮದುಮಗ, ಅಳುವ ಕೂಸು. ಎಲ್ಲರೂ ಕ್ಯಾಮೆರಾವನ್ನು ನೋಡುತ್ತಿದ್ದರು. ಕರಡಿಯೊಂದೇ ಕ್ಯಾಮೆರಾದ ಸ್ವಲ್ಪ ಮೇಲೆ, ಅದನ್ನು ಹಿಡಿದವಳ ಮುಖವಿರುವ ಕಡೆ, ಬಾಯಿ ತೆರೆದುಕೊಂಡು ನಿಂತಿತ್ತು. ಕಪ್ಪುಬಿಳುಪಿನಲ್ಲೂ ಹಾಗೆಯೇ, ಬಣ್ಣ ಬಂದ ಮೇಲೂ ಹಾಗೆಯೇ. ಬ್ರೋನ್ಕಾ ಒಂದನ್ನು ಆರಿಸಿಕೊಂಡು, ಪಕ್ಕದಲ್ಲಿದ್ದ ಸಂಸಾರವನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಶಾಲು ಹೊದ್ದು ಹೊರಟಳು. ಕೈಗವಸು ಮರೆತಳು.

ವೋಯ್ತೆಕ್ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಉಳಿ ಮಸೆಯುತ್ತಿದ್ದ. ಫೋಟೊ ಇಸಿದುಕೊಂಡು ಬೆಳಕಿಗೆ ಹಿಡಿದ. ಒಲೆಗೆ ಎರಡು ತುಂಡು ಸೌದೆ ಒಟ್ಟಿದ.

"ಬ್ರೋನ್ಕಕ್ಕ, ಇದು ಕರಡಿ."

"ಹೂಂ."

"ಪಾದ್ರಿಗಳಿಗೆ ನಾನೇನ್ ಹೇಳ್ಲಿ?"

"ನಾನ್ ಹೇಳ್ತೀನಿ ಬಿಡು."

ಅವನು ತಲೆ ಕೆರೆದುಕೊಂಡ. ಕರಡಿಯೇ ಆಗಬೇಕು ಅಂದರೆ ಆಗಲಿ, ಲುದ್ವಿಕಣ್ಣ ಅದರೊಳಗೇ ಬದುಕಿದವನು, ಊರಿಗೆಲ್ಲ ಗೊತ್ತು, ಆದರೆ ತಲೆ ನೆಟ್ಟಗಿರುವ ಒಂದು ಫೋಟೊವಾದರೂ ತಂದುಕೊಡಿ, ಬೀದಿಯಲ್ಲಿ ನೀವು ಫೋಟೊ ಅಂಟಿಸಿಡುವ ಹಲಗೆಯ ಮೇಲೆ ಈ ವರ್ಷದ್ದು ಎಷ್ಟೊಂದು ಇವೆ, ಅದರಲ್ಲಿ ಕಣ್ಣು ಚೆನ್ನಾಗಿ ಕಾಣುತ್ತದೆ, ಇದರಲ್ಲಿ ಬರೀ ಗಂಟಲು ಅಂದ. ಮೊದಲೇ ನಗುವ ಜನ, ಇನ್ನಷ್ಟು ನಗುತ್ತಾರೆ ಅಂದ.

ಬ್ರೋನ್ಕಾ ಬರಿಗೈಗಳನ್ನು ಒಲೆಯ ಕಡೆ ಚಾಚಿ ನಿಂತಿದ್ದಳು. ಬೆರಳುಗಳು ಮೊದಲು ಜುಮ್ಮೆಂದವು, ಆಮೇಲೆ ಉರಿಯತೊಡಗಿದವು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅದು ಝೆನೆಕ್ ಕಣೋ. ಅವ್ನು ಬೂಟ್ ನೋಡ್ತಿರ್ತಾನೆ," ಅಂದಳು. "ಇದ್ರಲ್ಲಿ ಇವ್ನು ನನ್ನ ನೋಡ್ತಿದಾನೆ. ಮೂವತ್ತು ವರ್ಷ ನೋಡಿದಾನೆ, ನಾನು ಮೂತಿ ಇಳ್ಸು, ಮೂತಿ ಇಳ್ಸು ಅಂತ ಬೈದೆ."

ಅಷ್ಟು ಹೇಳಿ ಅವಳು ಇನ್ನೂ ಹೆಸರು ಹಾಕದ ಯಾರದೋ ಕಲ್ಲಿನ ಮೇಲೆ ಕೂತು ಅತ್ತಳು. ವೋಯ್ತೆಕ್ ಉಳಿಯನ್ನು ಕೆಳಗಿಟ್ಟು, ಕೈಯಲ್ಲಿದ್ದ ಫೋಟೊ ಅವಳ ಕಣ್ಣೀರಿಗೆ ತೇವವಾಗದಂತೆ ದೂರ ಎತ್ತಿಟ್ಟ.