ಮೋಟಾರಿನ ಬ್ರಾಕೆಟ್ಟು, ಭಾವನ ನಾಣ್ಯ

ನನ್ನ ಭಾವ, ಅಂದರೆ ಅಕ್ಕನ ಗಂಡ, ಫೈಬರ್ ದೋಣಿ ರಿಪೇರಿ ಮಾಡುವವರು. ಒಡೆದ ಕಡೆ ಗಾಜಿನ ನಾರಿನ ಬಟ್ಟೆ ಹಾಸಿ, ಅದಕ್ಕೆ ರಾಳ ಕುಡಿಸಿ ಗಟ್ಟಿ ಮಾಡುವುದು ಅವರ ಕಸುಬು. ಹಾಗಾಗಿ ದಡದ ಜನರ ಬಾಯಲ್ಲಿ ಅವರು ಪಟ್ಟಿ ಡಾಕ್ಟ್ರು. ಈ ಡಾಕ್ಟರಿಗೆ ಕೋಪ ಮೂಗಿನ ತುದಿಯಲ್ಲೇ. ದೋಣಿಗೆ ಬೈದು ಏನು ಪ್ರಯೋಜನ? ಅದಕ್ಕೇ ಬೈಗುಳವೆಲ್ಲ ದೋಣಿಯ ಯಜಮಾನನಿಗೆ. "ಬಂಡೆಗೆ ಮುತ್ತು ಕೊಡೋಕೆ ಹೋಗಿದ್ಯೇನೋ?" ಅನ್ನುವುದೇ ಅವರ ನಮಸ್ಕಾರ.

ಕೆಲಸ ಮುಗಿದ ಮೇಲೆ ಅವರು ಜೇಬಿನಿಂದ ಒಂದು ಹಳೆಯ ದಪ್ಪ ನಾಣ್ಯ ತೆಗೆದು, ಅಂಟಿಸಿದ ಜಾಗವನ್ನೆಲ್ಲ ತಟ್ಟುತ್ತಾ ಹೋಗುತ್ತಾರೆ. ಪದರಗಳು ಒಂದನ್ನೊಂದು ಕಚ್ಚಿಕೊಂಡಿದ್ದರೆ ಠಣ್ ಎನ್ನುತ್ತದೆ. ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ಬೊದ್ ಎನ್ನುತ್ತದೆ. ನನಗಂತೂ ಎರಡೂ ಒಂದೇ ಥರ. ಆದರೆ ಭಾವ "ಗಟ್ಟಿ ಇದೆ" ಎಂದರೆ ಮುಗಿಯಿತು, ಜನ ಮರುಮಾತಾಡದೆ ದೋಣಿ ನೀರಿಗಿಳಿಸುತ್ತಿದ್ದರು.

ಆ ಭಾವನಿಗೆ ಕಿವಿ ಮಂದವಾಗತೊಡಗಿತ್ತು. ಎಷ್ಟೋ ವರ್ಷ ಫೈಬರ್ ಕೊಯ್ದು ಉಜ್ಜುವ ಗ್ರೈಂಡರಿನ ಪಕ್ಕದಲ್ಲೇ ತಲೆ ಇಟ್ಟು ದುಡಿದದ್ದರ ಫಲ. ಅವರು ಇದನ್ನು ಯಾರಿಗೂ ಹೇಳಲಿಲ್ಲ. ಮೊದಲಿನಿಂದಲೂ ಅವರು ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವರಲ್ಲವಾದ್ದರಿಂದ ಯಾರಿಗೂ ತಿಳಿಯಲೂ ಇಲ್ಲ. ನನಗೆ ಗುಮಾನಿ ಇತ್ತು, ಆದರೆ ಕೇಳುವ ಧೈರ್ಯ ಇರಲಿಲ್ಲ. ಕಿವಿ ಹೋಯಿತೆಂದು ಸುದ್ದಿಯಾದರೆ ಯಾರು ತಾನೇ ಇವರ ಕೈಗೆ ದೋಣಿ ಕೊಡುತ್ತಾರೆ? ಆ ಭಯವೇ ಭಾವನ ಬಾಯಿಗೆ ಬೀಗ ಹಾಕಿತ್ತು.

ಅಂಥ ಹೊತ್ತಿನಲ್ಲೇ ನಾನು ನನ್ನ ಪುಟ್ಟ ದೋಣಿಗೊಂದು ಬ್ರಾಕೆಟ್ ಬೇಕೆಂದು ಹೋದೆ. ಮೋಟಾರನ್ನು ದೋಣಿಯ ಹಿಂಬದಿಯ ಹಲಗೆಗೇ ಸಿಕ್ಕಿಸಿದ್ದೆ. ಅದನ್ನು ನೀರಿನಿಂದ ಮೇಲೆತ್ತಿ ಮಗುಚಿದರೆ ಅದರ ತಲೆ ನೇರವಾಗಿ ನನ್ನ ಮಡಿಲಿಗೆ ಬರುತ್ತಿತ್ತು. ಬಲೆ ಇಡುವುದೆಲ್ಲಿ, ನಾನು ಕೂರುವುದೆಲ್ಲಿ? ಬ್ರಾಕೆಟ್ ಎಂದರೆ ದೋಣಿಯ ಬೆನ್ನಿಗೆ ಬೋಲ್ಟ್ ಹಾಕಿ ಕೂರಿಸುವ ಫೈಬರ್ ಪೆಟ್ಟಿಗೆ. ಮೋಟಾರು ಅದರ ಆಚೆ ತುದಿಯಲ್ಲಿ ನೇತಾಡುತ್ತದೆ, ದೋಣಿಯೊಳಗೆ ಜಾಗ ಉಳಿಯುತ್ತದೆ. ಆದರೆ ಅದು ಕೈಕೊಟ್ಟರೆ ಮೋಟಾರು ನೀರುಪಾಲು, ನಾನು ನಡುನೀರಿನಲ್ಲಿ ದೇವರ ಪಾಲು.

"ಅಳತೆ ತಂದಿದ್ದೀಯಾ?" ಎಂದರು ಭಾವ. ನಾನು ಕೈ ಅಗಲಿಸಿ ತೋರಿಸಿದೆ. ಅವರು ನನ್ನನ್ನೂ ನನ್ನ ಕೈಯನ್ನೂ ಬೈದು, ಟೇಪು ಹಿಡಿದು ತಾವೇ ದೋಣಿಯ ಹತ್ತಿರ ನಡೆದರು.

ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಪ್ಲೈವುಡ್ಡಿನ ಅಚ್ಚು ಮಾಡಿ, ಅಂಟಿಕೊಳ್ಳದಿರಲೆಂದು ಅದಕ್ಕೆ ಮೇಣ ತಿಕ್ಕಿದರು. ಆಮೇಲೆ ಒಂದು ಪದರ ಬಟ್ಟೆ, ಬ್ರಶ್ಶಿನಿಂದ ರಾಳ, ಗುಳ್ಳೆ ಹೋಗುವಂತೆ ರೋಲರು, ಮತ್ತೆ ಬಟ್ಟೆ. ಭಾವನ ಕೈ ಓಡುವುದನ್ನು ನೋಡುತ್ತಾ ಕೂರುವುದೇ ಒಂದು ಸುಖ. ರಾಳದ ಘಾಟಿಗೆ ಮೂಗು ಉರಿಯುತ್ತದೆ, ಗಾಜಿನ ಪುಡಿಗೆ ಮೈಯೆಲ್ಲ ನವೆ. ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಚೆನ್ನಾಗಿ ಒಣಗಿದ ಮೇಲೆ ಬ್ರಾಕೆಟ್ಟನ್ನು ಅಚ್ಚಿನಿಂದ ಬಿಡಿಸಿ ಅಂಗಳಕ್ಕೆ ತಂದರು. ನಾಣ್ಯ ತೆಗೆದು ಸುತ್ತಲೂ ತಟ್ಟಿದರು.

"ಗಟ್ಟಿ ಇದೆ. ತಗೊಂಡು ಹೋಗು."

ಅಕ್ಕ ಅಲ್ಲೇ ಬಟ್ಟೆ ಒಣಗಹಾಕುತ್ತಿದ್ದಳು. "ರೀ, ಆ ಮೂಲೆ ಇನ್ನೊಂದು ಸಲ ತಟ್ಟಿ" ಎಂದಳು. ಭಾವ ತಿರುಗಲಿಲ್ಲ. ಅವಳು ಒದ್ದೆ ಅಂಗಿಯನ್ನು ಹೆಗಲ ಮೇಲೆ ಎಸೆದುಕೊಂಡು ಬಂದು, ಅವರ ಕೈಯಿಂದ ನಾಣ್ಯ ಕಿತ್ತುಕೊಂಡು, ಮೋಟಾರಿನ ಭಾರವೆಲ್ಲ ಬೀಳುವ ಒಳಮೂಲೆಯನ್ನು ತಟ್ಟಿದಳು.

"ಇಲ್ಲಿ ಗಾಳಿ ಇದೆ."

"ನೀನ್ಯಾವಾಗ ಡಾಕ್ಟ್ರಾದೆ?" ಭಾವ ಕೆಂಡವಾದರು.

"ಮದುವೆ ಆದಾಗಿಂದ ಈ ಟಕಟಕಾನೇ ಕೇಳ್ತಿದ್ದೀನಿ. ಒಲೆ ಮುಂದೆ ನಿಂತ್ರೂ ಇದೇ, ಮಕ್ಕಳನ್ನ ಮಲಗಿಸಿದ್ರೂ ಇದೇ. ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ? ಕೊಯ್ದು ನೋಡಿ. ಇದನ್ನ ಕಟ್ಕೊಂಡು ನೀರಿಗೆ ಹೋಗೋನು ನನ್ನ ತಮ್ಮ."

ಭಾವ ಗ್ರೈಂಡರು ಹಿಡಿದರು. ಅಕ್ಕನನ್ನು ಸುಳ್ಳುಮಾಡಬೇಕೆಂಬ ಹಟದಿಂದಲೇ ಹಿಡಿದರು. ಮೂಲೆ ಕೊಯ್ದಾಗ ಪದರಗಳು ಬಿಟ್ಟುಕೊಂಡು ನಿಂತಿದ್ದವು. ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ಭಾವ ಗ್ರೈಂಡರು ಕೆಳಗಿಟ್ಟು, ಖಾಲಿ ಡಬ್ಬದ ಮೇಲೆ ಕುಸಿದು ಕೂತರು.

"ನಂಗೆ ಕೇಳ್ಸಲ್ಲ ಕಣೇ" ಎಂದರು ಕೊನೆಗೆ.

"ಗೊತ್ತು" ಎಂದಳು ಅಕ್ಕ, ಅವರ ಎದುರಿಗೆ ಬಂದು ನಿಂತು. "ಮಳೆ ಬಂತು, ಬಟ್ಟೆ ತನ್ನಿ ಅಂತ ಅಷ್ಟು ಕೂಗಿದ್ರೂ ನೀವು ಏಳ್ಲಿಲ್ಲ. ಮೊದಲೂ ಏಳ್ತಿರ್ಲಿಲ್ಲ ಬಿಡಿ. ಆದ್ರೆ ಮೊದಲೆಲ್ಲ ಕೂತಲ್ಲಿಂದಾನೇ ಬೈತಿದ್ರಿ."

ಭಾವನಿಗೆ ನಗು ಬಂತೋ ಅಳು ಬಂತೋ, ಮುಖ ಒರೆಸಿಕೊಂಡರು. ಇಷ್ಟು ವರ್ಷ ಅವರ ಬೈಗುಳಕ್ಕೆ ಬೇಸತ್ತಿದ್ದ ನಾನು ಆ ಹೊತ್ತಿನಲ್ಲಿ ಅವರು ಒಂದು ಸಲ ಬೈದರೆ ಸಾಕು ಅಂದುಕೊಂಡೆ.

ಕೆಟ್ಟ ಮೂಲೆಯನ್ನು ಪೂರ್ತಿ ಉಜ್ಜಿ ತೆಗೆದರು. ಗಾಜಿನ ಬಟ್ಟೆ ಚೂಪು ಮೂಲೆಯಲ್ಲಿ ಬಾಗುವುದಿಲ್ಲ. ಹಾಗಾಗಿ ರಾಳ ಮಂದವಾಗಲೆಂದು ಅದಕ್ಕೆ ಪುಡಿ ಕಲಸಿ, ಮೂಲೆಯನ್ನು ಬೆರಳಿನಿಂದ ಗುಂಡಗೆ ತುಂಬಿ, ಹೊಸ ಪದರ ಹಾಕಿದರು. ಒಣಗಿದ ಮೇಲೆ ಅಕ್ಕ ಬಕೆಟ್ಟು ಬೋರಲು ಹಾಕಿ ಕೂತಳು. ಭಾವ ತಟ್ಟಿದರು, ಅವಳು ಕಣ್ಣು ಮುಚ್ಚಿ ಕೇಳಿದಳು. ಭಾವ ಬ್ರಾಕೆಟ್ಟಿನ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಅಕ್ಕನ ಮುಖದ ಮೇಲಿತ್ತು. ಅವಳು ಸುತ್ತಲೂ ಕೇಳಿ ಮುಗಿಸಿ ತಲೆಯಾಡಿಸಿದಳು.

ಆ ಬ್ರಾಕೆಟ್ಟು ಇವತ್ತಿಗೂ ನನ್ನ ದೋಣಿಯ ಬೆನ್ನಿಗಿದೆ. ಮೋಟಾರು ಗುಡುಗಿದರೂ ಅದು ಮಿಸುಕುವುದಿಲ್ಲ. ನಾನು ಕಾಲು ಚಾಚಿ ಕೂರುತ್ತೇನೆ.

ಆದರೆ ಆಗಿನ್ನೂ ಗುಟ್ಟು ಮೂವರ ನಡುವೆಯೇ ಇತ್ತು. ಕೆಲವು ದಿನಗಳಲ್ಲಿ ಒಬ್ಬ ದೋಣಿ ಯಜಮಾನ ತನ್ನ ದೋಣಿ ಒಯ್ಯಲು ಆಳುಗಳ ಸಮೇತ ಬಂದ. ನಾನೂ ಅಲ್ಲಿದ್ದೆ. "ಏನ್ ಡಾಕ್ಟ್ರೇ, ತಟ್ಟಿ ನೋಡಿದ್ರಾ? ಗಟ್ಟಿ ಇದ್ಯಾ?" ಎಂದು ಅಂಗಳದಿಂದಲೇ ಗಂಟಲು ಹರಿದುಕೊಂಡ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಗಟ್ಟಿ ಇದೆ" ಎಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಭಾವ ಜೇಬಿನಿಂದ ನಾಣ್ಯ ತೆಗೆದು ಒಂದು ಗಳಿಗೆ ಅದನ್ನೇ ನೋಡಿದರು.

"ನಂಗೆ ಕಿವಿ ಕೇಳ್ಸಲ್ಲ" ಎಂದರು. "ತಟ್ಟೋದು ನಾನು, ಕೇಳೋದು ಇವಳು. ಒಪ್ಪಿಗೆ ಇಲ್ಲ ಅಂದ್ರೆ ದೋಣಿ ಬೇರೆ ಕಡೆ ತಗೊಂಡು ಹೋಗು. ಹೋಗೋವಾಗ ದಾರಿಲಿ ಬಂಡೆಗೆ ಮುತ್ತು ಕೊಡಬೇಡ."

ಯಜಮಾನ ಭಾವನನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಹರಟುತ್ತಿದ್ದ ತನ್ನ ಆಳುಗಳ ಕಡೆ ತಿರುಗಿ ಗದರಿದ: "ಏಯ್, ಸ್ವಲ್ಪ ಬಾಯಿ ಮುಚ್ರೋ. ಅಕ್ಕಾವ್ರು ಕೇಳ್ಬೇಕು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದಳು. ಭಾವ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲಿನ ಗಾಜಿನ ಪುಡಿಯನ್ನು ತಮ್ಮ ಅಂಗಿಯ ತೋಳಿನಿಂದ ಒರೆಸಿ, ಅವಳು ಕೂರುವವರೆಗೆ ಕಾದರು.