ಮುನಿತಾಯಮ್ಮ ಗೇಟು ದಾಟಿದ್ದು

ರೇಷ್ಮೆ ಹುಳದ ಮೊಟ್ಟೆ ತೆಗೆಯುವುದರಲ್ಲಿ ಕೆಂಗೇರಿಯ ಮುನಿತಾಯಮ್ಮನದು ಎತ್ತಿದ ಕೈ. ಗಂಡ ತೀರಿಕೊಂಡ ಮೇಲೆ ಆಕೆ ಕಚ್ಚಿ ಹಿಡಿದ ಕಸುಬು ಇದೇ. ಚಿಟ್ಟೆಗಳು ಮೊಟ್ಟೆಯಿಟ್ಟ ಹಾಳೆಗಳನ್ನು ಬಿದಿರು ಬುಟ್ಟಿಗಿಟ್ಟು, ಒದ್ದೆ ಬಟ್ಟೆ ಹೊದಿಸಿ, ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಒಯ್ಯುತ್ತಿದ್ದಳು. ಅಲ್ಲಿ ಮಗಳು ವೆಂಕಟಲಕ್ಷ್ಮಮ್ಮನ ಮನೆಯವರೂ ಕೇರಿಯವರೂ ಹುಳ ಸಾಕುವವರು.

ಆಗ ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿತ್ತು. ಎರಡೂ ಕಡೆ ಮಾತು ಒಂದೇ, ನಡುವೆ ಮಾತ್ರ ಹೊಳೆಯ ಹತ್ತಿರ ಒಂದು ಗೇಟು. ಸಾರಾಯಿಯೋ ಅಕ್ಕಿಯೋ ಕದ್ದು ಹೋಗುತ್ತಿದೆಯೇ ಎಂದು ಗಂಟುಮೂಟೆಯನ್ನೆಲ್ಲ ಇಳಿಸಿ ನೋಡುತ್ತಿದ್ದರು.

ಐವತ್ತೈದರ ಬೇಸಿಗೆಯಲ್ಲಿ ಒಂದು ದಿನ ಗೇಟಿನ ಮುಂದೆ ಗಾಡಿಗಳ ಸಾಲೇ ನಿಂತುಬಿಟ್ಟಿತು. ಬಸ್ಸು ಕಾದ ಹಂಚಾಗಿತ್ತು. ಮುನಿತಾಯಮ್ಮ ಬಟ್ಟೆ ಸರಿಸಿ ನೋಡಿದವಳೇ ಬೆವೆತುಹೋದಳು. ಮೊಟ್ಟೆಯೊಡೆದು ಇರುವೆಯಂಥ ಕರಿ ಮರಿಗಳು ಹಾಳೆ ತುಂಬ ಹರಿದಾಡುತ್ತಿದ್ದವು. ಎಳೇ ಹಿಪ್ಪುನೇರಳೆ ಸೊಪ್ಪು ಸಿಗದಿದ್ದರೆ ಒಂದೂ ಉಳಿಯುವಂತಿರಲಿಲ್ಲ.

ಬುಟ್ಟಿ ಅವಚಿಕೊಂಡೇ ಗೇಟಿನವನ ಹತ್ತಿರ ಓಡಿದಳು. "ಸ್ವಾಮಿ, ಇವು ಹಸ್ಕೊಂಡವೆ. ಬೇಕಾದ್ರೆ ನನ್ನ ಇಲ್ಲೇ ಕೂರಿಸ್ಕಳಿ, ಇವನ್ನ ದಾಟಿಸಿ."

ಅವನು ಬಗ್ಗಿ ನೋಡಿದ. "ಸಾಲು ತಪ್ಪಿಸಿ ಬಿಡೋ ಹಂಗಿಲ್ಲ ಕಣಮ್ಮ" ಎಂದವನು ರಸ್ತೆಯಾಚೆಗೆ ಕೈ ತೋರಿಸಿ, "ಆ ಬಾವಿ ಹಿಂದೆ ಗುರುಸಿದ್ದಯ್ಯ ಅನ್ನೋರ ಹಿಪ್ಪುನೇರಳೆ ತೋಟ ಐತೆ. ಕೇಳಿ ನೋಡಿ" ಎಂದ.

ಗುರುಸಿದ್ದಯ್ಯ ಒಂದು ಮಾತೂ ಕೇಳದೆ ಎಳೇ ಕುಡಿ ಚಿವುಟಿ ಆಕೆಯ ಮಡಿಲು ತುಂಬಿದ. ಬಸ್ಸಿನಲ್ಲಿದ್ದ ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದುಕೊಟ್ಟರು. ಬಸ್ಸಿನ ನೆರಳಲ್ಲಿ ಕೂತು ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದ್ದೇ ತಡ, ಮರಿಗಳು ಅದಕ್ಕೆ ಮುತ್ತಿಕೊಂಡವು. ಆಗಲೇ ಮುನಿತಾಯಮ್ಮನಿಗೆ ಉಸಿರು ಬಂದದ್ದು. ಒಂದಷ್ಟು ಸತ್ತವು, ಬಹುಪಾಲು ಉಳಿದವು.

ಮರುವರ್ಷ ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಗೇಟು ತೆಗೆದರು. ಆಮೇಲಿನ ಮೊದಲ ಪ್ರಯಾಣದಲ್ಲಿ ತೂಕಡಿಸುತ್ತಿದ್ದ ಮುನಿತಾಯಮ್ಮ ಬೆಚ್ಚಿ ಎದ್ದು, "ಗೇಟು ಬಂತೇನಪ್ಪಾ?" ಎಂದಳು.

"ಯಾವ ಗೇಟಮ್ಮ? ಹೊಳೆ ದಾಟಿ ಆಗ್ಲೇ ಎಷ್ಟೋ ಹೊತ್ತಾಯ್ತು" ಎಂದು ಕಂಡಕ್ಟರು ನಕ್ಕ.

ಆಕೆಯೂ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಿಟಕಿಯಾಚೆ ಗದ್ದೆಗಳನ್ನು ಹೊಸದಾಗಿ ಕಂಡವಳಂತೆ ನೋಡುತ್ತ ಕೂತಳು.

ಮಗಳ ಮನೆ ಸೇರಿದಾಗ ಇನ್ನೂ ಒಲೆ ಆರಿರಲಿಲ್ಲ. ವೆಂಕಟಲಕ್ಷ್ಮಮ್ಮ ಗಾಬರಿಯಿಂದ ಬುಟ್ಟಿಗೆ ಕೈಹಾಕಿದಳು.

"ಅವಸರ ಏನೂ ಇಲ್ಲ ಕಣೇ, ಒಂದು ಮೊಟ್ಟೇನೂ ಒಡೆದಿಲ್ಲ" ಎಂದು ಮುನಿತಾಯಮ್ಮ ಜಗಲಿಯ ಮೇಲೆ ಕಾಲು ಚಾಚಿದಳು. "ಮೊದ್ಲು ನಂಗೊಂದು ಬಿಸಿ ಮುದ್ದೆ ಹಾಕು."