ರೇಸ್ ಗಾಳಿ, ರಸ್ತೆ ಗಾಳಿ

ಪೆಟ್ರೋಲ್ ಬಂಕಿನ ಗಾಳಿ ಯಂತ್ರ ಟಿಣ್ ಟಿಣ್ ಅನ್ನುವಾಗ ನೀವೆಲ್ಲ ಏನು ಮಾಡುತ್ತೀರೋ ಕಾಣೆ, ನಾನಂತೂ ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ಇವತ್ತೂ ಅದೇ. ನಮ್ಮ ಯಜಮಾನರು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ಮುಚ್ಚಳವನ್ನು ತುಟಿಯಲ್ಲಿ ಕಚ್ಚಿಕೊಂಡು, ಗಾಳಿ ಹಾಕುವವನಿಗೇ ಪಾಠ ಹೇಳುತ್ತಿದ್ದಾರೆ. ಅತ್ತ ಚಿಂತಾಮಣಿಯಲ್ಲಿ ನಮ್ಮತ್ತೆ, ಅಂದರೆ ನನ್ನ ಸೋದರಮಾವನ ಹೆಂಡತಿ, ಊಟಕ್ಕೆ ಕಾಯುತ್ತಿದ್ದಾರೆ. ಟೈರಿನಿಂದ ಬುಸ್ಸೆಂದು ಹೊರಟ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೋದರಮಾವನ ನೆನಪಾಯಿತು. ಅವರ ಮೈಮೇಲೆ ಸದಾ ಇದೇ ವಾಸನೆ.

ಐವತ್ತರ ದಶಕದ ಕೊನೆಯ ಮಾತು. ನಾನು ಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಹೊಲ, ತೋಟ ಎಲ್ಲ ಇದ್ದ ಮಾವನಿಗೆ ಇದ್ದಕ್ಕಿದ್ದಂತೆ ಕಾರಿನ ಹುಚ್ಚು ಹಿಡಿದು, ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದ ಒಂದು ಪುಟ್ಟ ಕಾರನ್ನು ಬೆಂಗಳೂರಿನಿಂದ ತಂದರು. ಅದರ ಜೊತೆಗೆ ಗಾಳಿ ಎಷ್ಟು ಪೌಂಡಿದೆ ಅಂತ ತೋರಿಸುವ, ಪೆನ್ಸಿಲಿನಷ್ಟುದ್ದದ ಗೇಜು ಬಂತು. ಕಾರಿನಿಂದ ಮಾವ ಕೆಡಲಿಲ್ಲ, ಗೇಜಿನಿಂದ ಕೆಟ್ಟರು. ಬೇರೆ ಗಂಡಸರು ಜೇಬಿಗೆ ಪೆನ್ನು ಸಿಕ್ಕಿಸುತ್ತಿದ್ದ ಜಾಗದಲ್ಲಿ ಇವರು ಗೇಜು ಸಿಕ್ಕಿಸಿಕೊಂಡು ಮದುವೆಮನೆಗಳಿಗೂ ಹೋಗುತ್ತಿದ್ದರು.

ಮಾವನ ಪ್ರಕಾರ ಜಗತ್ತಿನಲ್ಲಿ ಗಾಳಿ ಎರಡು ಥರ. ರಸ್ತೆ ಗಾಳಿ ಇಪ್ಪತ್ತಾರು ಪೌಂಡು, ರೇಸ್ ಗಾಳಿ ಮೂವತ್ತು. "ತಿರುವಲ್ಲಿ ಜೋರಾಗಿ ತಿರುಗಿಸಿದ್ರೆ ಟೈರು ಪಕ್ಕಕ್ಕೆ ಮಡಚ್ಕೋಬಾರ್ದು ಕಣಮ್ಮ, ಅದಕ್ಕೇ ಬಿಗಿಯಾಗಿರ್ಬೇಕು. ಅದೂ ಬೆಳಗ್ಗೆ ತಣ್ಣಗಿರೋವಾಗ್ಲೇ ಅಳೀಬೇಕು. ಬಿಸಿಯಾದ್ರೆ ಒಳಗಿನ ಗಾಳಿ ಉಬ್ಬುತ್ತೆ, ಗೇಜು ಜಾಸ್ತಿ ತೋರ್ಸುತ್ತೆ" ಅಂತ ನನಗೆ ಪಾಠ. ಮಾತೆಲ್ಲ ಸರಿಯೇ ಅನ್ನಿ. ನಮ್ಮ ಕಡೆ ಸರಿಯಾದ ಮಾತಾಡುವವರಿಗೆ ಬರವಿಲ್ಲ. ದಿನಾ ಬೆಳಗಾದರೆ ಅಳೆಯುವುದು, ಕೆಂಚಾರ್ಲಹಳ್ಳಿ ತನಕ ಒಬ್ಬರೇ ಹೋಗಿ ಬರುವುದು, ಮತ್ತೆ ಅಳೆಯುವುದು. ಹಾಲು ಕರೆದರೋ ಇಲ್ಲವೋ ಅಂತ ಮಾತ್ರ ಕೇಳುತ್ತಿರಲಿಲ್ಲ.

ಇದೆಲ್ಲ ಯಾವ ಘನಕಾರ್ಯಕ್ಕೆ ಅಂತೀರೋ? ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದಾಚೆ ಒಂದು ಒಣಗಿದ ಕೆರೆ ಅಂಗಳದಲ್ಲಿ ಕಾರಿದ್ದವರು ಸೇರಿ ರೇಸು ಆಡುತ್ತಿದ್ದರು. ಆಡುವವರು ನಾಲ್ಕೇ ಜನ: ಆ ಊರಿನ ಆಲೂಗಡ್ಡೆ ಮಂಡಿಯವರು, ಶಿಡ್ಲಘಟ್ಟದ ರೇಷ್ಮೆ ಸಾಹುಕಾರರು, ಗೌರಿಬಿದನೂರಿನ ವಕೀಲರು, ನಮ್ಮ ಮಾವ. ನೋಡುವವರು ಸಾವಿರಾರು. ನೋಡಲಿಕ್ಕೆ ಗಾಳಿ ಬೇಡವಲ್ಲ.

ಈಗ ಅತ್ತೆಯ ವಿಷಯ. ಅವರ ತವರು ದಿಬ್ಬೂರಹಳ್ಳಿ. ಅಳಿಯ ಕಾರು ತಂದ ಸುದ್ದಿ ಕೇಳಿದ ಅವರ ತಾಯಿ, ಮಗಳು ಇವತ್ತು ಕಾರಲ್ಲಿ ಬರುತ್ತಾಳೆ, ನಾಳೆ ಬರುತ್ತಾಳೆ ಅಂತ ಬೀದಿಗೆಲ್ಲ ಸಾರಿದ್ದರು. ವರ್ಷ ಕಳೆದರೂ ಕಾರು ಬರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, "ಏನಜ್ಜಿ, ನಿಮ್ಮಳಿಯ ಕಾರು ತಂದಿದ್ದೋ, ಕನಸು ಕಂಡಿದ್ದೋ?" ಅಂತ ಆಡಿಕೊಳ್ಳತೊಡಗಿದರು. ಅಜ್ಜಿ ಆಮೇಲೆ ಬಾವಿಗೆ ಹೋಗುವುದನ್ನೇ ಬಿಟ್ಟರಂತೆ. ಅತ್ತೆಗೆ ಅದು ಕರುಳಿಗೆ ನಾಟಿತ್ತು. ಕೇಳಿದಾಗಲೆಲ್ಲ ಮಾವನದು ಒಂದೇ ಉತ್ತರ: "ಹಿಂದೆ ಜನ ಕೂತ್ರೆ ಹಿಂದಿನ ಟೈರಿನ ಲೆಕ್ಕಾನೇ ಬೇರೆ ಕಣೇ. ಈಗ ರೇಸ್ ಗಾಳಿ ಕೂರಿಸಿದೀನಿ, ಕೆಡಿಸೋಕಾಗಲ್ಲ. ರೇಸ್ ಮುಗೀಲಿ."

ಮುಗಿದ ಮೇಲೆ ಮುಂದಿನ ವರ್ಷದ ರೇಸಿಗೆ ತಯಾರಿ ಶುರು. ಅತ್ತೆ ಬಸ್ಸಿನಲ್ಲೇ ತವರಿಗೆ ಹೋಗಿಬಂದರು.

ಎರಡನೇ ವರ್ಷ ಅತ್ತೆ, "ನಾನೂ ರೇಸ್ ನೋಡ್ಬೇಕು" ಅಂದರು. ಮಾವ ಹಿಂದಿನ ದಿನವೇ ಒಬ್ಬರೇ ಕಾರು ಒಯ್ದಿದ್ದರು. ನಾವಿಬ್ಬರು ಬಸ್ಸಿನಲ್ಲಿ. ಅತ್ತೆ ಮೈಮೇಲೆ ಧಾರೆ ಸೀರೆ, ಕಂಕುಳಲ್ಲಿ ಕಜ್ಜಾಯದ ಡಬ್ಬಿ, ನನ್ನ ತಲೆಮೇಲೆ ಕಡಲೆಕಾಯಿ ಚೀಲ. ರೇಸಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವ ಬುದ್ಧಿ ನನಗಿರಲಿಲ್ಲ.

ರೇಸು ಎಂಟಕ್ಕೆ ಅಂತಿತ್ತು. ಆರಕ್ಕೇ ಎದ್ದು ಮಾವ ನಾಲ್ಕೂ ಟೈರಿಗೆ ಮೂವತ್ತು ಕೂರಿಸಿದ್ದರು. ಆದರೆ ಮುಖ್ಯ ಅತಿಥಿಗಳಿಲ್ಲದೆ ನಮ್ಮಲ್ಲಿ ಏನು ತಾನೇ ನಡೆದೀತು? ಅವರು ಬಂದಾಗ ಹನ್ನೊಂದಾಗಿತ್ತು. ಬಂದವರು ಸಂಯಮದ ಬಗ್ಗೆ ದೀರ್ಘವಾಗಿ ಭಾಷಣ ಮಾಡಿದರು. ಬಿಸಿಲಿಗೆ ಕಾದ ಟೈರುಗಳನ್ನು ಮಾವ ಅಳೆದರು: ಮೂವತ್ತನಾಲ್ಕು! ಎದೆ ಒಡೆದುಹೋಯಿತು. ಬಿಸಿಯಾದ ಮೇಲೆ ಅಳೆಯಬಾರದೆಂದು ಊರಿಗೆಲ್ಲ ಹೇಳಿದವರು ತಾವೇ ಬುಸ್ಸೆಂದು ಇಳಿಸಿದರು. ಮೋಡ ಬಂದು ತಣ್ಣಗಾಯಿತು. ಅಳೆದರೆ ಕಡಿಮೆ. ಪಂಪು ಹೊಡೆದರು. ಮೋಡ ಹೋಯಿತು. ಮತ್ತೆ ಇಳಿಸಿದರು. ಆಲೂಗಡ್ಡೆ ಮಂಡಿಯವರು ತಮ್ಮ ಟೈರಿಗೆ ಒಂದು ಒದೆ ಕೊಟ್ಟು, "ಇದೆ ಇದೆ" ಅಂದು ಕಾರು ಹತ್ತಿದರು.

ಅತಿಥಿಗಳು ಟವಲ್ಲು ಬೀಸಿದಾಗ ಮೂರು ಕಾರು ಧೂಳೆಬ್ಬಿಸಿಕೊಂಡು ಹೊರಟವು. ನಾಲ್ಕನೆಯದರ ಹಿಂದೆ ಮಾವ ವಾಲ್ವಿನ ಮುಚ್ಚಳ ಬಾಯಲ್ಲಿಟ್ಟುಕೊಂಡು ಕೂತಿದ್ದರು. ಇವರು ಹೊರಡುವಷ್ಟರಲ್ಲಿ ಅವರು ಒಂದು ಸುತ್ತು ಮುಗಿಸಿದ್ದರು. ಕೊನೆಯವರಾಗಿ ಬಂದಿಳಿದ ಮಾವನ ಮುಖದಲ್ಲಿ ಮಾತ್ರ ಗೆದ್ದ ಕಳೆ: "ನೋಡಮ್ಮ, ನಾಲ್ಕೂ ಟೈರು ಒಂದೇ ಸಮ! ಬೇರೆ ಯಾರದ್ದಿದೆ ಹೇಳು?"

ಅತ್ತೆ ಆಗಲೇ ಬಾಗಿಲು ತೆಗೆದು, ಡಬ್ಬಿ, ಚೀಲ, ನನ್ನನ್ನು ಹಿಂದೆ ತುಂಬಿ, ತಾವು ಮುಂದೆ ಕೂತಾಗಿತ್ತು.

"ದಿಬ್ಬೂರಹಳ್ಳಿಗೆ ಹೋಗಣ" ಅಂದರು.

"ಲೇ, ಇದು ರೇಸ್ ಗಾಳಿ ಕಣೇ! ರಸ್ತೆಗೆ ಇಳಿಸ್ಬೇಕು, ಹಿಂದಕ್ಕೆ ಬೇರೆ..."

"ಏನೂಂದ್ರೆ," ಅಂದರು ಅತ್ತೆ, "ಮದುವೆ ಮಾಡ್ಕೊಂಡು ನನ್ನ ಎತ್ತಿನ ಗಾಡೀಲಿ ಕರ್ಕೊಂಡು ಬಂದ್ರಲ್ಲ, ಆ ಗಾಡಿ ಚಕ್ರಕ್ಕೆ ಎಷ್ಟು ಪೌಂಡ್ ಹಾಕಿದ್ರಿ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ, ಕಣ್ಣು ತುಂಬಿಕೊಂಡು ನೆಟ್ಟಗೆ ಮುಂದೆ ನೋಡುತ್ತಿದ್ದರು. ಮಾವ ಗೇಜನ್ನು ಜೇಬಿಗೆ ಸಿಕ್ಕಿಸಿಕೊಂಡು, ಹತ್ತಿ ಗಾಡಿ ತಿರುಗಿಸಿದರು.

ದಾರಿಯುದ್ದಕ್ಕೂ ಮೂಳೆ ಅಲುಗಿಹೋಯಿತು, ಅದು ನಿಜ. ಆದರೆ ಟೈರು ಸಿಡಿಯಲಿಲ್ಲ, ಪ್ರಪಂಚ ಮುಳುಗಲಿಲ್ಲ. ಅಜ್ಜಿ ಹೊರಗೆ ಓಡಿ ಬಂದವರು ಕಾರಿನ ಕಡೆ ನೋಡಲೂ ಇಲ್ಲ. "ವಚ್ಚಿನಾವಾ ತಲ್ಲೀ" ಅಂತ, ಬಂದೆಯಾ ತಾಯೀ ಅಂತ, ತಮ್ಮ ತೆಲುಗಿನಲ್ಲೇ ಅನ್ನುತ್ತ ಮಗಳ ಕೆನ್ನೆ ಹಿಡಿದುಕೊಂಡು ಅತ್ತರು. ಅತ್ತು ಮುಗಿಸಿ, ಸೆರಗಲ್ಲಿ ಮೂಗೊರೆಸಿಕೊಂಡು, ಬಿಂದಿಗೆ ಎತ್ತಿಕೊಂಡು ನೇರ ಬಾವಿಕಟ್ಟೆಗೆ ಹೊರಟರು. ಮನೆಯಲ್ಲಿ ಆಗಲೇ ಹಂಡೆ ತುಂಬ ನೀರಿತ್ತು.

ಟಿಣ್ ಅಂತು ಯಂತ್ರ. ನಮ್ಮ ಯಜಮಾನರು ಇನ್ನೂ ಹಿಂದಿನ ಟೈರಿನ ಬಳಿಯೇ ಇದ್ದರು. ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಅತ್ತೆಯ ಎತ್ತಿನ ಗಾಡಿಯ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ತಲೆ ಹೊರಗೆ ಹಾಕಿ, "ಇನ್ನೂ ಎಷ್ಟೊತ್ರೀ?" ಅಂತ ರೇಗಿದೆ.

ಅವರು ಮುಚ್ಚಳವನ್ನು ಬಾಯಿಂದ ತೆಗೆದರು. "ಬರೋವಾಗ ನಿಮ್ಮತ್ತೇನೂ ಕರ್ಕೊಂಡು ಬರ್ಬೇಕಲ್ವಾ? ಅವ್ರು ಹಿಂದೆ ಕೂರ್ತಾರೆ, ಅದಕ್ಕೇ ಹಿಂದಕ್ಕೆ ಎರಡು ಪೌಂಡ್ ಜಾಸ್ತಿ ಹಾಕಿಸ್ತಿದೀನಿ."

ಅತ್ತೆಯನ್ನು ಲೆಕ್ಕಕ್ಕೆ ಹಿಡಿದು ಯಾರಾದರೂ ಗಾಳಿ ತುಂಬಿಸಿದ್ದು ಇದೇ ಮೊದಲು. ಪ್ರಶ್ನೆಯನ್ನು ನುಂಗಿಕೊಂಡೆ.

"ಇನ್ನೂ ಒಂದು ಪೌಂಡ್ ಹಾಕ್ಸಿ," ಅಂದೆ. "ಅತ್ತೆ ಬರೀ ಕೈಯಲ್ಲಿ ಬರೋರಲ್ಲ."